ಉಪ್ಪುಗಾಳಿ ಊರಲ್ಲಿ ಜಾಝ್ ರೆಕಾರ್ಡು, ಬಾಕ್ಸ್ ಸೆಟ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಕೋಲಾ, ಕುಮಟಾ, ಶಿರಸಿ ಕಡೆಯಿಂದ ವಾಟ್ಸಾಪಲ್ಲಿ ಬರೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತಾವೆ, ಹಂಗಾಗಿ ಎಲ್ಲಾ ಒಂದ್ಕಡೆ ಬರೆದಿಟ್ಟಿದ್ದೇನೆ. ದೊಡ್ಡ ಊರಿನವರು ಬರೆದ ಗೈಡುಗಳು ಬೇಕಾದಷ್ಟಿವೆ, ಅದರಲ್ಲಿ ನಮ್ಮ ಜೂನ್-ಜುಲೈ ಬಗ್ಗೆ ಒಂದು ಸಾಲೂ ಇರೋದಿಲ್ಲ. ಕಾರವಾರದಲ್ಲಿ ಕೂತು ರೆಕಾರ್ಡ್ ಕೂಡಿಹಾಕೋದೇ ಬೇರೆ ಕತೆ.

ಮೊಬೈಲಲ್ಲೇ ಎಲ್ಲಾ ಸಿಗ್ತದಲ್ಲ, ದುಡ್ಡು ಕೊಟ್ಟು ಇದನ್ನೆಲ್ಲ ಎಂತಕ್ಕೆ ತಗೊಳ್ಳೋದು?

ಸಿಗ್ತದೆ, ಇಲ್ಲ ಅಂದವರ್ಯಾರು. ಆದ್ರೆ ಜಾಝಲ್ಲಿ ಯಾರು ನುಡಿಸಿದ್ರು, ಯಾವತ್ತು ನುಡಿಸಿದ್ರು, ಅವತ್ತು ಡ್ರಮ್ಸ್‌ಗೆ ಕೂತವರು ಯಾರು ಅನ್ನೋದೇ ಅರ್ಧ ವಿಷಯ, ಮೊಬೈಲ್ ಆ್ಯಪಲ್ಲಿ ಅದು ಸರಿಯಾಗಿ ಬರೋದೇ ಇಲ್ಲ. ಒಂದು ಉದಾಹರಣೆ ಹೇಳ್ತೇನೆ. ಬಿಲ್ ಎವನ್ಸ್ ಅನ್ನೋ ಪಿಯಾನೋದವ 1961ರ ಜೂನ್ 25ಕ್ಕೆ, ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಲ್ಲಿ ಮಧ್ಯಾಹ್ನ ಎರಡು, ರಾತ್ರಿ ಮೂರು ಸುತ್ತು ಕಛೇರಿ ನುಡಿಸಿದ. ಜೊತೆಗೆ ಬೇಸ್ ನುಡಿಸಿದ ಸ್ಕಾಟ್ ಲಫಾರೋ ಜುಲೈ 6ಕ್ಕೆ ಕಾರ್ ಅಪಘಾತದಲ್ಲಿ ಹೋಗಿಬಿಟ್ಟ, ವಯಸ್ಸು ಬರೀ 25. ಆ ದಿನದ ಟೇಪಿಂದ ಆಗ ಎರಡು ಎಲ್‌ಪಿ (ನಿಮಿಷಕ್ಕೆ 33 ಸುತ್ತೋ ದೊಡ್ಡ ಪ್ಲಾಸ್ಟಿಕ್ ರೆಕಾರ್ಡು) ಮಾಡಿದ್ರು, ಹಾಡುಗಳನ್ನ ಹಿಂದೆ ಮುಂದೆ ಮಾಡಿ. 2005ರಲ್ಲಿ ಬಂದ ಮೂರು ಸಿಡಿ ಸೆಟ್ಟಲ್ಲಿ ಅದೇ ದಿನ ನುಡಿಸಿದ ಕ್ರಮದಲ್ಲೇ ಎಲ್ಲಾ ಇದೆ, ಮೊದಲನೇ ಹಾಡಲ್ಲೇ ಕರೆಂಟ್ ಹೋಗಿ ರೆಕಾರ್ಡಿಂಗ್ ಕಟ್ಟಾಗಿ ಮತ್ತೆ ಬರೋದು ಸಹ ಇದೆ (ಕರೆಂಟ್ ಹೋಗೋದು ನಮ್ಮೂರಿನ ಸೊತ್ತಲ್ಲ ಅಂತ ಸಮಾಧಾನ). ಒಂದು ಇಡೀ ದಿನವನ್ನ ಹಂಗೆ ಕೂತು ಕೇಳೋದು ಇದ್ಯಲ್ಲ, ಅದಕ್ಕಾಗಿ ನಾನು ಬಾಕ್ಸ್ ಸೆಟ್ (ಒಂದೇ ಪೆಟ್ಟಿಗೆಯಲ್ಲಿ ಬರೋ ಹಲವು ಡಿಸ್ಕು) ತಗೊಳ್ತೇನೆ. ಕಪಾಟಲ್ಲಿ ಚಂದ ಕಾಣಲಿ ಅಂತಾದ್ರೆ ಮೊಬೈಲೇ ಸಾಕು.

ಎಲ್‌ಪಿಯಾ ಸಿಡಿಯಾ?

ಕರಾವಳಿಯಲ್ಲಿದ್ರೆ ಸಿಡಿ. ಇದಕ್ಕೆ ಸುಮಾರು ಜನ ಸಿಟ್ಟಾಗ್ತಾರೆ, ಆಗಲಿ.

ಕಾರವಾರಕ್ಕೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಎಲ್‌ಪಿ ಅಂದ್ರೆ ಪ್ಲಾಸ್ಟಿಕ್ ತಟ್ಟೆ ಮಾತ್ರ ಅಲ್ಲ, ಅದರ ಜೊತೆ ದೊಡ್ಡದೊಂದು ರಟ್ಟು, ಆ ರಟ್ಟಿಗೆ ಬೂಷ್ಟು ಹಿಡಿದ್ರೆ ಅರ್ಧ ಬೆಲೆ ಅಲ್ಲೇ ಹೋಯ್ತು. ಸಿಡಿಗೂ ಬುಕ್ಲೆಟ್ ಇರ್ತದೆ, ಆದ್ರೆ ಅದು ಸಣ್ಣದು, ಡಬ್ಬಿಯೊಳಗೆ ಇರ್ತದೆ, ಕಾಪಾಡೋದು ಸುಲಭ. ಆಮೇಲೆ ಎಲ್‌ಪಿಯ ಒಂದು ಬದಿಗೆ ಹಿಡಿಸೋದು ಇಪ್ಪತ್ತು ಇಪ್ಪತ್ತೆರಡು ನಿಮಿಷ, ಸಿಡಿಗೆ 74. ಕೀತ್ ಜಾರೆಟ್ ಜಪಾನಲ್ಲಿ 1976ರಲ್ಲಿ ಕೊಟ್ಟ ಪಿಯಾನೋ ಕಛೇರಿಗಳ 'ಸನ್ ಬೇರ್ ಕಾನ್ಸರ್ಟ್ಸ್' ಎಲ್‌ಪಿಯಲ್ಲಿ 10 ಡಿಸ್ಕು, ಸಿಡಿಯಲ್ಲಿ 6. ಒಂದೇ ಉಸಿರಲ್ಲಿ ಸಾಗೋ ಆಲಾಪದ ನಡುವೆ ಎದ್ದು ಹೋಗಿ ಡಿಸ್ಕ್ ತಿರುಗಿಸೋದು ಯಾರಿಗೆ ಬೇಕು ಹೇಳಿ.

ಸೌಂಡು? ಸಿಡಿ ಥರ ಡಿಜಿಟಲ್ ಆಗದೆ ಟೇಪಿಂದ ಸೀದಾ ಬರ್ತದೆ (ಅದಕ್ಕೇ ಅನಲಾಗ್ ಅನ್ನೋದು), ಹಂಗಾಗಿ ಎಲ್‌ಪಿಯೇ ಚಂದ ಅನ್ನೋರಿದಾರೆ. 2022ರಲ್ಲಿ ಮೊಬೈಲ್ ಫಿಡೆಲಿಟಿ ಅನ್ನೋ ಅಮೆರಿಕದ ದುಬಾರಿ ಲೇಬಲ್ಲು (ಅಂದ್ರೆ ರೆಕಾರ್ಡ್ ಕಂಪನಿ) ತನ್ನ ಎಷ್ಟೋ ಎಲ್‌ಪಿಗಳಿಗೆ ನಡುವೆ ಒಂದು ಡಿಜಿಟಲ್ ಹಂತ ಬಳಸ್ತಿತ್ತು ಅಂತ ಹೊರಗೆ ಬಂತು. ಅಲ್ಲಿವರೆಗೆ ಅದೇ ಡಿಸ್ಕ್ ಕೇಳಿ ಅಹಾ ಅನಲಾಗ್ ಅಂದ್ರೆ ಇದು ಅಂತ ಹೊಗಳಿದವರು ಎಷ್ಟೋ ಜನ. ನಾನು ಇಷ್ಟಕ್ಕೇ ಬಿಡ್ತೇನೆ.

ಹಾಗಂತ ಎಲ್‌ಪಿ ಬೇಡ್ವೇ ಬೇಡ ಅಂತಲ್ಲ. ಬ್ಲೂ ನೋಟ್ ಲೇಬಲ್ಲಿನ ಕವರುಗಳು, ಫ್ರಾನ್ಸಿಸ್ ವುಲ್ಫ್ ತೆಗೆದ ಫೋಟೋ, ರೀಡ್ ಮೈಲ್ಸ್ ಮಾಡಿದ ಡಿಸೈನು, ಅದನ್ನ ಸಿಡಿ ಗಾತ್ರದಲ್ಲಿ ನೋಡೋದು ಅನ್ಯಾಯ. ಜೀವಕ್ಕೆ ಹತ್ತಿರ ಆದ ಒಂದಿಷ್ಟು ಎಲ್‌ಪಿ ಇಟ್ಕೊಳ್ಳಿ, ಉಳಿದದ್ದು ಸಿಡಿ.

ನಾವು ಹಿಂದೂಸ್ತಾನಿ ಕೇಳೋರು. ಎಲ್ಲಿಂದ ಶುರು ಮಾಡೋದು?

ಹೊನ್ನಾವರ, ಕುಮಟಾ, ಶಿರಸಿ, ಸಿದ್ದಾಪುರ ಕಡೆಯವರದ್ದು ಇದೇ ಪ್ರಶ್ನೆ, ರಾತ್ರಿಯಿಡೀ ಕೂತು ಖಯಾಲ್ ಕೇಳಿ ರೂಢಿ ಇರೋರಿಗೆ ಅರ್ಧ ಕೆಲಸ ಆಗಲೇ ಆಗಿಹೋಗಿರ್ತದೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ತಗೊಳ್ಳಿ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನದಲ್ಲಿ ರೆಕಾರ್ಡ್ ಆದದ್ದು, ನ್ಯೂಯಾರ್ಕಲ್ಲಿ ಮೊದಲು ಚರ್ಚ್ ಆಗಿದ್ದ ಕಟ್ಟಡದಲ್ಲಿ. ಅದರಲ್ಲಿ ಕಾರ್ಡುಗಳು (ಒಟ್ಟೊಟ್ಟಿಗೆ ನುಡಿಸೋ ಸ್ವರಗಳು) ಸರಸರ ಬದಲಾಗೋದಿಲ್ಲ, ಒಂದೇ ಸ್ವರಗುಚ್ಛ ಹಿಡ್ಕೊಂಡು ಬೆಳೆಸ್ತಾ ಹೋಗೋದು, ಹಂಗಾಗಿ ನಮ್ಮ ಕಿವಿಗೆ ಬೇಗ ದಾರಿ ಸಿಗ್ತದೆ.

ಒಂದು ಎಚ್ಚರ, ಇದು ಶ್ರುತಿ ಗೊತ್ತಿರೋರಿಗೆ ಮುಖ್ಯ. ಅವತ್ತು ಒಂದು ಟೇಪ್ ಮಷೀನ್ ಸ್ವಲ್ಪ ನಿಧಾನ ಓಡಿತ್ತು, ಅದರಿಂದ ಸರಿ ವೇಗದಲ್ಲಿ ಹಾಕಿದಾಗ ಮೊದಲನೇ ಬದಿಯ ಮೂರೂ ಹಾಡು ಶ್ರುತಿ ಮೇಲೆ ಹೋಗಿತ್ತು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಹಂಗೇ ಕೇಳಿತ್ತು. 1990ರ ದಶಕದಲ್ಲಿ ಇನ್ನೊಂದು ಮಷೀನಿನ ಟೇಪ್ ಬಳಸಿ ಸರಿ ಮಾಡಿದ್ರು. ತಂಬೂರಿ ಆ್ಯಪ್ ಹಾಕಿ ಹಳೇ ಎಲ್‌ಪಿ ಜೊತೆ ಹೊಂದಿಸಲಿಕ್ಕೆ ನೋಡಿದ್ರೆ ತಲೆ ಕೆಡ್ತದೆ, ಹೊಸ ಸಿಡಿ ತಗೊಳ್ಳಿ.

ಆಮೇಲೆ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್. ರವಿಶಂಕರ್ ಮೇಲಿನ ಗೌರವಕ್ಕೆ ಮಗನಿಗೆ ರವಿ ಅಂತ ಹೆಸರಿಟ್ಟವ, 1961ರ ನವೆಂಬರಲ್ಲಿ ಅದೇ ವ್ಯಾನ್‌ಗಾರ್ಡ್ ಕ್ಲಬ್ಬಲ್ಲಿ 'ಇಂಡಿಯಾ' ಅನ್ನೋ ಹಾಡನ್ನ ಬೇರೆ ಬೇರೆ ರಾತ್ರಿ ಬೇರೆ ಬೇರೆ ಥರ ನುಡಿಸಿದಾನೆ. ಆ ರಾತ್ರಿಗಳ ನಾಲ್ಕು ಸಿಡಿ ಸೆಟ್ 1997ರಲ್ಲಿ ಬಂದಿದೆ. ಒಬ್ಬ ಗವಾಯಿ ಒಂದೇ ರಾಗವನ್ನ ನಿನ್ನೆ ಹಂಗೆ, ಇವತ್ತು ಹಿಂಗೆ ಹಾಡಿದ್ದನ್ನ ಹೋಲಿಸಿ ಕೇಳೋ ಚಟ ಇದ್ದೋರಿಗೆ ಆ ಸೆಟ್ ಬಿಟ್ರೆ ಬೇರೆ ಬೇಡ.

ನಮ್ಮದೇ ರಾಜ್ಯದ ನಂಟೂ ಒಂದಿದೆ. ಚಾರ್ಲಿ ಮರಿಯಾನೋ ಅನ್ನೋ ಅಮೆರಿಕದ ಸ್ಯಾಕ್ಸೋಫೋನ್ ವಾದಕ ನಾದಸ್ವರ ಕಲ್ತವ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ ಜರ್ಮನಿಯ ಇಸಿಎಂ ಲೇಬಲ್‌ಗೆ 'ಜ್ಯೋತಿ' ಅಂತ ರೆಕಾರ್ಡ್ ಮಾಡಿದ. ಆರ್.ಎ. ರಮಾಮಣಿ ಗಾಯನ, ಟಿ.ಎ.ಎಸ್. ಮಣಿ ಮೃದಂಗ. ಕಂಡಲ್ಲಿ ಬಿಡಬೇಡಿ.

ಬಾಕ್ಸ್ ಸೆಟ್‌ಗಳಲ್ಲಿ ಯಾವ ಥರದ್ದು ಒಳ್ಳೇದು?

ನಾನು ನೋಡಿದ ಹಾಗೆ ಇದರಲ್ಲಿ ಒಂದು ಜಾತಿ ಅಂದ್ರೆ ಇರೋ ಆಲ್ಬಮ್‌ಗಳನ್ನೆಲ್ಲ ಸಣ್ಣ ರಟ್ಟಿನ ಕವರಲ್ಲಿ ಹಾಕಿ ಒಟ್ಟಿಗೆ ಕೊಡೋದು. ಮೈಲ್ಸ್ ಡೇವಿಸ್‌ ಕೊಲಂಬಿಯಾ ಕಂಪನಿಗೆ ಮಾಡಿದ ಆಲ್ಬಮ್‌ಗಳದ್ದು 2009ರಲ್ಲಿ 70 ಸಿಡಿಯ ಪೆಟ್ಟಿಗೆ ಬಂತು. ಒಂದೊಂದು ಡಿಸ್ಕಿಗೆ ಲೆಕ್ಕ ಹಾಕಿದ್ರೆ ಇಂಥದ್ದು ಅಗ್ಗ ಬೀಳ್ತದೆ, ಆದ್ರೆ 70 ಸಿಡಿ ಯಾರು ಕೇಳ್ತಾರೆ, ನಿಜ ಹೇಳಿ, ಹೆಚ್ಚಿನವು ಮನೆಗೆ ಬಂದ ದಿನ ಒಂದ್ಸಲ ತೆಗೆದು ನೋಡಿ ಒಳಗೆ ಹೋಗ್ತಾವೆ.

ಇನ್ನೊಂದು ಜಾತಿ ಸೆಷನ್ ಸೆಟ್ಟು, ಸ್ಟುಡಿಯೋದಲ್ಲಿ ತೆಗೆದ ಎಲ್ಲಾ ಟೇಕು, ಅರ್ಧಕ್ಕೆ ನಿಂತದ್ದು, ನಡುವೆ ಮಾತಾಡಿದ್ದು ಎಲ್ಲಾ. ಒಂದೇ ಹಾಡು ಆರು ಸಲ ಸಾಲಾಗಿ ಬಂದ್ರೆ ಮನೆಯವರು ಓಡಿಹೋಗ್ತಾರೆ. ನಾನು ಇದಕ್ಕೆ ಕೊನೇ ಜಾಗ ಕೊಡ್ತೇನೆ. ಕಛೇರಿ ಸೆಟ್ಟುಗಳಿಗೆ ಮೊದಲ ಜಾಗ. ಮೈಲ್ಸ್ 1965ರ ಡಿಸೆಂಬರ್ 22, 23ರಂದು ಶಿಕಾಗೋದ ಪ್ಲಗ್ಡ್ ನಿಕಲ್ ಕ್ಲಬ್ಬಲ್ಲಿ ನುಡಿಸಿದ್ದು 8 ಸಿಡಿ, ಅದರಲ್ಲೂ ಹಾಡುಗಳು ತಿರುಗಿ ತಿರುಗಿ ಬರ್ತಾವೆ, ಆದ್ರೆ ಪ್ರತಿ ಸಲ ಹಾಡಿನ ಗುರುತೇ ಸಿಗದಷ್ಟು ಬದಲಾಗಿರ್ತದೆ.

ಮೊಸಾಯಿಕ್ ಅಂತ ಅಮೆರಿಕದ ಲೇಬಲ್ ಬಗ್ಗೆ ಬೇರೆಯಾಗೇ ಹೇಳಬೇಕು. ಮೈಕಲ್ ಕಸ್ಕೂನಾ, ಚಾರ್ಲಿ ಲೂರಿ ಇಬ್ಬರು ಸೇರಿ ಮಾಡಿದ್ದು, 1983ರಲ್ಲಿ ಪಿಯಾನೋ ವಾದಕ ಥೆಲೋನಿಯಸ್ ಮಂಕ್‌ನ ಬ್ಲೂ ನೋಟ್ ರೆಕಾರ್ಡಿಂಗ್‌ಗಳಿಂದ ಶುರು. ದೊಡ್ಡ ಕಂಪನಿಗಳಿಂದ ಹಕ್ಕು ಬಾಡಿಗೆಗೆ ತಗೊಂಡು, ಇಂತಿಷ್ಟೇ ಪ್ರತಿ ಅಂತ ಮಾಡಿ, ಪೆಟ್ಟಿಗೆ ಮೇಲೆ ನಂಬರ್ ಹಾಕಿ ಮಾರ್ತಾರೆ, ಮುಗಿದ್ರೆ ಮುಗೀತು. ದೊಡ್ಡ ಬುಕ್ಲೆಟ್ಟು, ಪ್ರತಿ ಸೆಷನ್ನಿನ ತಾರೀಖು, ವಾದಕರ ಹೆಸರು, ಫೋಟೋ. ಯಾರಾದ್ರೂ ಅರ್ಧ ಬೆಲೆಗೆ ಕೊಡ್ತೇನೆ ಅಂದ್ರೆ ಮೊದಲು ಬುಕ್ಲೆಟ್ ಇದ್ಯಾ ಕೇಳಿ.

ನಾಲ್ಕು ಸಿಡಿಯಲ್ಲಿ ಎಂಟು ಆಲ್ಬಂ, ಭಾರೀ ಅಗ್ಗ. ಡೂಪ್ಲಿಕೇಟಾ?

ಕಳ್ಳಮಾಲು ಅಲ್ಲ. ಯುರೋಪಲ್ಲಿ ರೆಕಾರ್ಡಿಂಗ್ ಹಕ್ಕು ಮೊದಲು 50 ವರ್ಷಕ್ಕೆ ಮುಗೀತಿತ್ತು, 2013ರಲ್ಲಿ ಅದನ್ನ 70 ಮಾಡಿದ್ರು, ಆದ್ರೆ ಅಷ್ಟರೊಳಗೆ ಅವಧಿ ಮುಗಿದದ್ದು ವಾಪಸ್ ಬರಲಿಲ್ಲ. ಹಾಗಾಗಿ 1962ರವರೆಗೆ ಬಿಡುಗಡೆಯಾದ ಜಾಝ್ ಅಲ್ಲಿ ಯಾರು ಬೇಕಾದ್ರೂ ಹಾಕಬಹುದು. ನಮ್ಮ ದೇಶದಲ್ಲಿ ರೆಕಾರ್ಡಿಂಗ್‌ಗೆ 60 ವರ್ಷ.

ಕಾನೂನು ಸರಿ, ಕ್ವಾಲಿಟಿ ಲಾಟರಿ. ಕೆಲವರು ಹಳೇ ಸಿಡಿಯನ್ನೇ ಕಾಪಿ ಹೊಡೆದು ಹಾಕ್ತಾರೆ, ಯಾರು ನುಡಿಸಿದ್ದು ಅಂತಾನೂ ಇರೋದಿಲ್ಲ. ಆದ್ರೆ ಎಲ್ಲಾ ಹಂಗಲ್ಲ: ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1925ರಿಂದ 'ಹಾಟ್ ಫೈವ್', 'ಹಾಟ್ ಸೆವೆನ್' ತಂಡಗಳ ಜೊತೆ ಮಾಡಿದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತೋ) ರೆಕಾರ್ಡುಗಳನ್ನ ಇಂಗ್ಲೆಂಡಿನ ಜೆಎಸ್‌ಪಿ ನಾಲ್ಕು ಸಿಡಿಯಲ್ಲಿ ತಂದಿದೆ, ಜಾನ್ ಆರ್.ಟಿ. ಡೇವೀಸ್ ಹಳೇ ಡಿಸ್ಕಿಂದ ಎತ್ತಿ ಸ್ವಚ್ಛ ಮಾಡಿದ್ದು, ದೊಡ್ಡ ಕಂಪನಿಯ ಸೆಟ್‌ಗಿಂತ ಅದೇ ಚಂದ ಕೇಳ್ತದೆ ಅನ್ನೋರು ಬಹಳ ಜನ, ನಾನೂ ಅವರಲ್ಲೊಬ್ಬ.

ಇಲ್ಲೇ ಹತ್ತಿರ ಎಲ್ಲಿ ಸಿಗ್ತದೆ?

ಕಾಳಿ ಸೇತುವೆ ದಾಟಿ, ಮಾಜಾಳಿ ಕಳೆದ್ರೆ ಗೋವಾ. ಹಿಂದಿ ಸಿನಿಮಾ ಸಂಗೀತಕ್ಕೆ ಜಾಝ್ ತಂದವರಲ್ಲಿ ಬಹುಪಾಲು ಗೋವಾದ ವಾದಕರು. ಅಲ್ಡೋಣದ ಆಂಟೋನಿಯೋ ಶಾವಿಯರ್ ವಾಜ್, ಚಿಕ್ ಚಾಕಲೇಟ್ ಅನ್ನೋ ಹೆಸರಲ್ಲಿ ಮುಂಬೈಯ ತಾಜ್ ಹೋಟೆಲಲ್ಲಿ ಟ್ರಂಪೆಟ್ ನುಡಿಸ್ತಿದ್ದ, ಸಿ. ರಾಮಚಂದ್ರ ಅವರ ಹಾಡುಗಳಲ್ಲೂ ಇದ್ದ. ಕ್ರಿಸ್ ಪೆರಿ ಬ್ಯಾಂಡಿನ ಜೊತೆ ಲೋರ್ನಾ ಹಾಡಿದ ಕೊಂಕಣಿ ಹಾಡುಗಳನ್ನ ನಮ್ಮ ಕಾರವಾರದ ಮನೆಗಳಲ್ಲಿ ಕೇಳದವರು ಕಡಿಮೆ, ಅದರ ಹಿಂದೆ ಬಾರಿಸೋ ಬ್ರಾಸ್ ಸೆಕ್ಷನ್ (ಟ್ರಂಪೆಟ್ ಥರದ ಹಿತ್ತಾಳೆ ವಾದ್ಯಗಳು) ಕಿವಿಗೊಟ್ಟು ಕೇಳಿ, ಅದು ಜಾಝೇ.

ಅಂಗಡಿ ಅಂತ ಹುಡುಕಿಕೊಂಡು ಹೋದ್ರೆ ಹೆಚ್ಚೇನೂ ಸಿಗೋದಿಲ್ಲ. ಮುಂಬೈಯಲ್ಲಿ ಕೆಲಸ ಮಾಡಿ ರಿಟೈರಾಗಿ ಊರಿಗೆ ಬಂದವರ ಮನೆ, ಹಡಗಲ್ಲಿ ಇದ್ದವರ ಮನೆ, ಅಲ್ಲಿ ಟ್ರಂಕಲ್ಲಿ ಇರ್ತದೆ. ಕೇಳೋ ರೀತಿಯಲ್ಲಿ ಕೇಳಬೇಕು, ಬಾಯಮ್ಮ, ನಿಮ್ಮನೆಯವರ ರೆಕಾರ್ಡ್ ಮಾರ್ತೀರಾ ಅಂತ ಸೀದಾ ಬಾಗಿಲಲ್ಲಿ ನಿಂತು ಕೇಳಿದ್ರೆ ಬಾಗಿಲೇ ಹಾಕ್ಕೊಳ್ತಾರೆ. ಕೂತು ಚಾ ಕುಡಿದು, ಅವರ ಗಂಡ ಯಾವ ಬ್ಯಾಂಡ್ ಕೇಳ್ತಿದ್ರು ಅಂತ ಮಾತು ತೆಗೆದ್ರೆ ಅವರೇ ಟ್ರಂಕ್ ಎಳೀತಾರೆ. ಗುಜರಿಯವರಿಗೂ ಹೇಳಿಟ್ಟಿರಿ, ಆದ್ರೆ ಅವರು ರೆಕಾರ್ಡನ್ನ ಒಂದರ ಮೇಲೊಂದು ಪೇರಿಸಿ ಇಡ್ತಾರೆ, ಅಷ್ಟರಲ್ಲೇ ಬಗ್ಗಿ ಹೋಗಿರ್ತದೆ.

ಹಂಗೆ ಸಿಗಬಹುದಾದ್ದರಲ್ಲಿ ಹುಡುಕೋಕೆ ಯೋಗ್ಯ ಅಂದ್ರೆ 1968ರ 'ರಾಗ ಜಾಝ್ ಸ್ಟೈಲ್', ಶಂಕರ್ ಜೈಕಿಶನ್ ಮಾಡಿದ್ದು, ರಯೀಸ್ ಖಾನ್ ಸಿತಾರ್. ಗೋವಾ ಮೂಲದ ಗಿಟಾರ್ ವಾದಕ ಅಮಾನ್ಸಿಯೋ ಡಿಸಿಲ್ವಾ ಲಂಡನ್ನಲ್ಲಿ 1969ರಲ್ಲಿ ಮಾಡಿದ ರೆಕಾರ್ಡುಗಳ ಮೂಲ ಪ್ರತಿ ಕಂಡ್ರೆ ಮುಖದಲ್ಲಿ ಏನೂ ತೋರಿಸ್ದೆ ದುಡ್ಡು ಕೊಟ್ಟು ಬನ್ನಿ.

ಅಜ್ಜನ ಕಾಲದ ದಪ್ಪ ರೆಕಾರ್ಡು ಅಟ್ಟದಲ್ಲಿದೆ. ಬೆಲೆ ಬರ್ತದಾ, ತೊಳೀಬಹುದಾ?

ಅದು 78 ಆರ್‌ಪಿಎಂ ರೆಕಾರ್ಡು, ವಿನೈಲ್ (ಎಲ್‌ಪಿಯ ಪ್ಲಾಸ್ಟಿಕ್) ಅಲ್ಲ, ಅರಗು. ಬಿದ್ರೆ ಒಡೀತದೆ. ಆ ಅರಗು ಪ್ರಪಂಚಕ್ಕೆ ಮುಖ್ಯವಾಗಿ ಹೋಗ್ತಿದ್ದದ್ದು ನಮ್ಮ ದೇಶದಿಂದಲೇ, ಎರಡನೇ ಮಹಾಯುದ್ಧದಲ್ಲಿ ಸರಬರಾಜು ಕಡಿಮೆಯಾಗಿ 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳಿಗೆ ಅರಗಿನ ರೇಷನ್ ಹಾಕಿತ್ತು.

ಸ್ಪಿರಿಟ್, ಐಸೋಪ್ರೊಪೈಲ್, ಸ್ಯಾನಿಟೈಸರ್ ಯಾವುದೂ ಮುಟ್ಟಿಸಬೇಡಿ. ಬಡಿಗೇರು ಪಾಲಿಶ್‌ಗೆ ಅರಗನ್ನ ಸ್ಪಿರಿಟಲ್ಲೇ ಕರಗಿಸ್ತಾರಲ್ಲ, ನಿಮ್ಮ ರೆಕಾರ್ಡೂ ಹಂಗೇ ಕರಗ್ತದೆ. ಎಲ್‌ಪಿ ನೀಡಲಲ್ಲಿ ನುಡಿಸಲೂ ಬೇಡಿ, 78ರ ಗೀರು (ನೀಡಲ್ ಓಡೋ ಕಾಲುವೆ) ಮೂರ್ನಾಲ್ಕು ಪಟ್ಟು ಅಗಲ, ನೀಡಲ್ ತಳದ ಕಸದಲ್ಲಿ ಒದ್ದಾಡ್ತದೆ, ಅದಕ್ಕೆ ಬೇರೆ ದಪ್ಪ ನೀಡಲ್ ಬೇಕು. ಬೆಲೆ ಬಗ್ಗೆ ಹೇಳೋದಾದ್ರೆ ನಾಟಕದ ಹಾಡು, ಭಜನೆ ಹೆಚ್ಚಿನಂಶ ಮನೆಯವರಿಗೇ ಅಮೂಲ್ಯ. ಡಿಸ್ಕಿನ ನಡುವಿನ ಲೇಬಲ್ ಮೇಲೆ ಟೆಡ್ಡಿ ವೆದರ್‌ಫರ್ಡ್ ಅಂತ ಇದ್ರೆ ಮಾತ್ರ ಜೋಪಾನ, ಆತ ಶಿಕಾಗೋದ ಪಿಯಾನೋ ವಾದಕ, ಮುಂಬೈಯಲ್ಲಿ ನುಡಿಸಿ, ಕಲ್ಕತ್ತಾದಲ್ಲಿ ರೆಕಾರ್ಡ್ ಮಾಡಿ, 1945ರಲ್ಲಿ ಅಲ್ಲೇ ಕಾಲರಾದಲ್ಲಿ ತೀರಿಕೊಂಡವ.

ಮಳೆಗಾಲದಲ್ಲಿ ಹೇಗೆ ಇಡೋದು? (ಇದೇ ಎಲ್ಲರಿಗಿಂತ ಹೆಚ್ಚು ಕೇಳೋ ಪ್ರಶ್ನೆ)

ಮೊದಲು ಜಾಗ. ಹೊರಗೋಡೆಗೆ ತಾಗಿದ ಕಪಾಟು ಬೇಡ, ಲ್ಯಾಟರೈಟ್ ಕಲ್ಲಿನ ಗೋಡೆ ಜುಲೈಯಲ್ಲಿ ನೀರು ಕುಡೀತದೆ, ಒಳಗೋಡೆಗೆ ಇಡಿ, ಗೋಡೆಗೂ ಕಪಾಟಿಗೂ ನಡುವೆ ಅಂಗೈ ಅಗಲ ಜಾಗ ಬಿಡಿ. ನೆಲಕ್ಕೆ ತಾಗಿಸಬೇಡಿ, ಒರಲೆ ಬಂತಂದ್ರೆ ಒಂದು ವಾರದಲ್ಲಿ ಕವರೆಲ್ಲ ಮಣ್ಣು. ಎಲ್‌ಪಿ ನೆಟ್ಟಗೆ ನಿಲ್ಲಿಸಿಯೇ ಇಡಬೇಕು, ಮಲಗಿಸಬಾರದು, ಓರೆ ವಾಲಿಸಲೂಬಾರದು. ನೂರು ಎಲ್‌ಪಿ ಕವರ್ ಸಮೇತ ಸುಮಾರು 25 ಕಿಲೋ, ಮನೇಲಿ ಇರೋ ತೆಳು ಪ್ಲೈವುಡ್ ಹಲಗೆ ಅದಕ್ಕೆ ಬಾಗ್ತದೆ.

ವಿನೈಲನ್ನ ಬೂಷ್ಟು ತಿನ್ನೋದಿಲ್ಲ, ಅದರ ಮೇಲಿರೋ ಬೆರಳಿನ ಜಿಡ್ಡು, ಧೂಳನ್ನ ತಿಂದು ಗೀರಿನೊಳಗೆ ಬೆಳೀತದೆ, ನುಡಿಸಿದಾಗ ಚಟಪಟ. ಅದಕ್ಕೇ ಮಳೆ ಶುರುವಾಗೋ ಮೊದಲು, ಮೇ ತಿಂಗಳಲ್ಲಿ, ಎಲ್ಲಾ ಒಮ್ಮೆ ಒರೆಸಿ ಒಳಗಿಡಿ. ಒಳಗಿನ ಕಾಗದದ ಕವರ್ ತೆಗೆದು ಪಾಲಿಥೀನ್ ಹಾಕಿ, ಕಾಗದ ತೇವ ಹಿಡ್ಕೊಳ್ತದೆ. ಹೊರಗಡೆಗೆ ದಪ್ಪ ಪಿವಿಸಿ ಕವರ್ ಬೇಡ, ಸೆಕೆಗೆ ಅದರಿಂದ ಹೊರಡೋ ಅಂಶ ಡಿಸ್ಕಿನ ಮೇಲೆ ಮಂಜು ಕಟ್ಟಿದ ಹಾಗೆ ಕಲೆ ಬಿಡ್ತದೆ.

ಸಿಲಿಕಾ ಜೆಲ್ ಕಿಲೋ ಲೆಕ್ಕದಲ್ಲಿ ತರಿಸಿ, ಬಟ್ಟೆ ಚೀಲದಲ್ಲಿ ಕಟ್ಟಿ ಕಪಾಟಲ್ಲಿ ಇಡಿ, ಬಣ್ಣ ಬದಲಾದಾಗ ಹುರಿದು ಒಣಗಿಸಿ ಮತ್ತೆ ಬಳಸಬಹುದು, ಆದ್ರೆ ಅಡುಗೆಗೆ ಉಪಯೋಗಿಸದ ಬಾಣಲೆಯಲ್ಲಿ. ಬಾಗಿಲು ಸರಿಯಾಗಿ ಮುಚ್ಚದ ಕಪಾಟಿಗೆ ಜೆಲ್ ಇಟ್ರೆ ಅರಬ್ಬಿ ಸಮುದ್ರ ಒಣಗಿಸಲಿಕ್ಕೆ ಹೋದ ಹಾಗೆ. ಸಿಡಿಗಂತೂ ರಬ್ಬರ್ ಬೀಡಿಂಗ್ ಇರೋ ಪ್ಲಾಸ್ಟಿಕ್ ಡಬ್ಬಿ ಸಾಕು. ಕಬ್ಬಿಣದ ಕಪಾಟಾದ್ರೆ ಕೆಳಗಡೆ ಜೀರೋ ಬಲ್ಬ್ ಹಾಕೋ ಹಳೇ ಉಪಾಯ ಈಗಲೂ ನಡೀತದೆ, ಎಲ್‌ಪಿಯಿಂದ ದೂರ ಇರಲಿ, ಬಿಸಿಗೆ ಬಗ್ತದೆ. ನುಸಿ ಗುಳಿಗೆ ಸೀರೆ ಕಪಾಟಿಗೆ ಮಾತ್ರ, ಪ್ಲಾಸ್ಟಿಕ್ ಹತ್ತಿರ ಬೇಡ.

ತೊಳೆಯೋಕೆ ಬಾವಿ ನೀರು ಬೇಡ, ಒಣಗಿದ ಮೇಲೆ ಗೀರಲ್ಲಿ ಲವಣ ಉಳೀತದೆ. ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಗೊಳ್ಳಿ, ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತನೆ ಬಟ್ಟೆ, ಲೇಬಲ್ ಒದ್ದೆ ಆಗಬಾರದು.

ಶಿರಸಿಯವರಿಗೆ ಉಪ್ಪುಗಾಳಿ ಕಾಟ ಇಲ್ಲ, ಬೂಷ್ಟು ಮಾತ್ರ ನಮಗಿಂತ ಒಂದು ಕೈ ಹೆಚ್ಚೇ.

ಯಾವ ಟರ್ನ್‌ಟೇಬಲ್ (ರೆಕಾರ್ಡ್ ನುಡಿಸೋ ಮಷೀನು) ಒಳ್ಳೇದು? ಅಮೆರಿಕದಲ್ಲಿರೋ ಭಾವ ಒಂದು ಕೊಡ್ತೇನೆ ಅಂತಿದಾನೆ.

ಸೂಟ್‌ಕೇಸ್ ಥರದ ಅಗ್ಗದ್ದು ಬೇಡ, ಅದರ ನೀಡಲ್ ಭಾರ ಹೆಚ್ಚು, ಒಳ್ಳೇ ಕಾರ್ಟ್ರಿಜ್ (ನೀಡಲ್ ಕೂರೋ ಭಾಗ) ಎರಡು ಗ್ರಾಮಿನ ಆಸುಪಾಸಲ್ಲಿ ಕೆಲಸ ಮಾಡ್ತದೆ. ಭಾವನ ಮಷೀನು ಅಡಾಪ್ಟರಲ್ಲಿ ಓಡೋದಾದ್ರೆ ತೊಂದ್ರೆ ಇಲ್ಲ. ಹಳೇ ಕಾಲದ್ದು, ಸೀದಾ ಕರೆಂಟಿಗೆ ಹಾಕೋ ಸಿಂಕ್ರೊನಸ್ ಮೋಟರಾದ್ರೆ (ಕರೆಂಟಿನ ಹರ್ಟ್ಸ್ ಎಷ್ಟೋ ಅದಕ್ಕೆ ತಕ್ಕ ವೇಗದಲ್ಲಿ ತಿರುಗೋದು) ಬರೀ ಟ್ರಾನ್ಸ್‌ಫಾರ್ಮರ್ ಹಾಕಿ ಪ್ರಯೋಜನ ಇಲ್ಲ: ಅಲ್ಲಿ 60 ಹರ್ಟ್ಸ್, ನಮ್ಮಲ್ಲಿ 50, ಡಿಸ್ಕ್ ನಿಮಿಷಕ್ಕೆ 33 ಸುತ್ತೋ ಬದಲು 28ಕ್ಕೆ ಇಳೀತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಎರಡರಲ್ಲಿ ಹಾಡಿದ್ದು ಬಿಳಿ ಒಂದರಲ್ಲಿ ಕೇಳ್ತದೆ. ಮೋಟರಿನ ಪುಲ್ಲಿ ಬದಲಿಸಿದ್ರೆ ಸರಿಯಾಗ್ತದೆ, ಸಿಕ್ಕಿದ್ರೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಲ್ಲಿ ನುಡಿಸಬೇಡಿ, ಗುಂಯ್ ಅಂತ ಶಬ್ದ ಬರ್ತದೆ. ಕರೆಂಟ್ ಹೋದ ಕೂಡ್ಲೆ ನೀಡಲ್ ಎತ್ತಿ ಬಿಡಿ.

ಸಿಡಿಯೂ ಹಾಳಾಗ್ತದಂತಲ್ಲ?

ಕೆಲವು. 1988ರಿಂದ 1993ರ ನಡುವೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನಿನ ಒಂದು ಫ್ಯಾಕ್ಟರಿಯಲ್ಲಿ ಆದ ಡಿಸ್ಕುಗಳು ಅಂಚಿಂದ ಕಂಚಿನ ಬಣ್ಣಕ್ಕೆ ತಿರುಗಿ ಹೋಗ್ತಾವೆ, ಒಳಗಿನ ಉಂಗುರದ ಹತ್ತಿರ ಪಿಡಿಒ ಅಂತ ಇರ್ತದೆ ನೋಡಿ. ಆಮೇಲೆ ಹಳೇ ದಪ್ಪ ಡಬ್ಬಿ ಸೆಟ್ಟುಗಳಲ್ಲಿ ಡಿಸ್ಕ್ ಮೇಲೆ ಒಂದು ಸ್ಪಂಜಿನ ಹಾಳೆ ಇಡ್ತಿದ್ರು, ನಮ್ಮ ಹವೆಗೆ ಅದು ಅಂಟಾಗಿ ಕರಗಿ ಡಿಸ್ಕಿಗೇ ಹಿಡ್ಕೊಳ್ತದೆ. ಯಾವ ಸೆಟ್ ತಂದ್ರೂ ಮೊದಲು ಸ್ಪಂಜು ತೆಗೆದು ಬಿಸಾಡಿ. ಮೈಲ್ಸ್‌ನ ಕೊಲಂಬಿಯಾ ಸೆಟ್ಟುಗಳ ಮೊದಲ ಮುದ್ರಣಕ್ಕೆ ಲೋಹದ ಬೆನ್ನು ಇರ್ತದೆ, ನೋಡಲಿಕ್ಕೆ ಬಹಳ ಚಂದ, ಒಣ ಬಟ್ಟೆಯಲ್ಲಿ ಆಗಾಗ ಒರೆಸ್ತಾ ಇರಿ.

ಮೂಲ ಬ್ಲೂ ನೋಟ್ ಎಲ್‌ಪಿ ಅಂತ ಹೇಗೆ ಗುರುತಿಸೋದು?

ಹಾಡು ಮುಗಿದ ಮೇಲೆ ಲೇಬಲ್ ಸುತ್ತ ನುಣ್ಣಗಿರೋ ಜಾಗ ಬೆಳಕಿಗೆ ಹಿಡಿದು ನೋಡಿ. ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಮೂಲ ಡಿಸ್ಕ್ ಕೊರೆದಿದ್ರೆ ಆರ್‌ವಿಜಿ ಅಥವಾ ವ್ಯಾನ್ ಗೆಲ್ಡರ್ ಅಂತ ಗುರುತು, ಜೊತೆಗೆ ಕಿವಿಯಾಕಾರದ ಸಣ್ಣ 'ಪಿ', ಅದು ಪ್ಲಾಸ್ಟಿಲೈಟ್ ಫ್ಯಾಕ್ಟರಿದು, 1966ರ ಸುಮಾರಿಗೆ ನಿಂತುಹೋಯ್ತು. ನಮ್ಮ ಕಡೆ ಸಿಗೋ ಆಸೆ ಇಟ್ಕೋಬೇಡಿ. ಕೇಳಲಿಕ್ಕೇ ಬೇಕು ಅಂದ್ರೆ 2019ರಿಂದ ಬರ್ತಿರೋ ಟೋನ್ ಪೊಯೆಟ್ ಅನ್ನೋ ಮರುಮುದ್ರಣದ ಸೀರೀಸ್ ತಗೊಳ್ಳಿ, ಮೂಲಕ್ಕಿಂತ ಎಷ್ಟೋ ಅಗ್ಗ, ಗೀಚೂ ಇಲ್ಲ.

ಕ್ಯಾಸೆಟ್?

ಯಕ್ಷಗಾನದ ಕ್ಯಾಸೆಟ್ ಇದ್ರೆ ಕಾಪಾಡಿ, ಅದು ಬೇರೆಲ್ಲೂ ಸಿಗದೇ ಇರಬಹುದು. ಜಾಝ್ ಕ್ಯಾಸೆಟ್‌ಗೆ ದುಡ್ಡು ಹಾಕಬೇಡಿ.

ಆನ್‌ಲೈನಲ್ಲಿ ಹಳೇ ರೆಕಾರ್ಡಿನ ಸ್ಥಿತಿ ವಿಜಿ ಅಂತ ಹಾಕಿರ್ತಾರೆ, ವೆರಿ ಗುಡ್ ಅಂದ್ರೆ ಒಳ್ಳೇದೇ ಅಲ್ವಾ?

ಅಲ್ಲ ಮಾರಾಯ್ರೆ. ಆ ಲೆಕ್ಕದಲ್ಲಿ ವಿಜಿ ಅಂದ್ರೆ ಪೂರ್ತಿ ಚಟಪಟ ಇದೆ ಅಂತ, ಬರೀ ಜಿ ಅಂದ್ರೆ ಗೋಡೆಗೆ ನೇತುಹಾಕಲಿಕ್ಕೆ. ವಿಜಿ ಪ್ಲಸ್‌ಗಿಂತ ಕೆಳಗೆ ಹೋಗಬೇಡಿ, ಪಿಯಾನೋ ರೆಕಾರ್ಡಾದ್ರೆ ಅದಕ್ಕೂ ಮೇಲೆ, ಪಿಯಾನೋದ ಮೌನದಲ್ಲಿ ಒಂದೊಂದು ಗೀಚೂ ಕೇಳ್ತದೆ. ಹೊರದೇಶದಿಂದ ತರಿಸಿದ್ರೆ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ಕಸ್ಟಮ್ಸ್ ದುಡ್ಡು ಕೇಳಬಹುದು, ಅದನ್ನೂ ಬೆಲೆಗೆ ಸೇರಿಸಿಯೇ ಯೋಚನೆ ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ಎಲ್‌ಪಿ ತರಿಸೋದೇ ಬೇಡ, ಪಾರ್ಸೆಲ್ ಎಲ್ಲಿ ಯಾವ ಗೋಡೌನಲ್ಲಿ ನೆನೀತಾ ಕೂತಿರ್ತದೋ.

ಮುಂದೆ ಮಾರಿದ್ರೆ ದುಡ್ಡು ವಾಪಸ್ ಬರ್ತದಾ?

ನಂಬರ್ ಹಾಕಿದ ಮೊಸಾಯಿಕ್ ಸೆಟ್ಟಿಗೆ ಬರಬಹುದು, ಬುಕ್ಲೆಟ್ಟು, ಪೆಟ್ಟಿಗೆ ಎರಡೂ ಬೂಷ್ಟಿಲ್ಲದೆ ಇದ್ರೆ. ರಟ್ಟಿನ ಕವರಿನ ಆಲ್ಬಂ ಸೆಟ್ಟುಗಳಿಗೆ ಕಂಪನಿಯವರು ಮತ್ತೆ ಮುದ್ರಿಸಿದ ದಿನ ಅರ್ಧ ಬೆಲೆ. ಅಗ್ಗದ ಎಂಟು ಆಲ್ಬಂ ಸೆಟ್ಟನ್ನ ಕೊಳ್ಳೋರೇ ಇಲ್ಲ, ಅದನ್ನ ಪಕ್ಕದ್ಮನೆ ಹುಡುಗನಿಗೆ ಕೊಟ್ಟುಬಿಡಿ, ಬುಕ್ಲೆಟ್ ಇರೋ ಒಂದು ಸೆಟ್ ಸಹ ಒಂದು ವಾರದ ಮಟ್ಟಿಗೆ ಓದಲಿಕ್ಕೆ ಕೊಡಿ, ವಾಪಸ್ ಇಸ್ಕೊಳ್ಳೋದು ಮರೀಬೇಡಿ.